ಇನ್ನೂರ ಹದಿನಾಲ್ಕನೇ ಟೆಸ್ಟು

ಎಲ್ಲ ರಗಳೆಗೂ ಮೂಲ ಒಂದು ಖಾಲಿ ಚೌಕ. 'ಉದ್ಯೋಗಿ ಸಂಖ್ಯೆ' ಎಂದು ಕೇಳುವ ಆ ಚೌಕದಲ್ಲಿ ಪಾಸ್ ಮೇಷ್ಟ್ರು ಮೊದಲು ನಾಲ್ಕು ಸೊನ್ನೆ ಹಾಕಿ ನೋಡಿದರು. ಅಪ್ಲಿಕೇಶನ್ ಒಪ್ಪಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಹಾಕಿದರು. 'ಇಂಥ ಉದ್ಯೋಗಿ ಇಲ್ಲ' ಎಂದು ಅದು ಕೆಂಪಕ್ಷರದಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿತು. ಊಟದ ಹೊತ್ತು ಮೀರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಸದ್ಯಕ್ಕೆ ಇರಲಿ, ಬದಲಾಯಿಸಿದರಾಯಿತು ಅಂದುಕೊಂಡು ಅವರು ತಮ್ಮದೇ ಸಂಖ್ಯೆ ತುಂಬಿಸಿ ಊಟಕ್ಕೆ ಎದ್ದರು. ಇದು ಹೋದ ತಿಂಗಳ ಮಾತು. ಊಟ ಮುಗಿಸಿ ಬರುವಷ್ಟರಲ್ಲಿ ಅವರಿಗೆ ಅದು ಮರೆತೇ ಹೋಯಿತು.

ಪಾಸ್ ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಆಫೀಸಿನ ಕಾರುಬಾರನ್ನೆಲ್ಲ ಆನ್‌ಲೈನಿನಲ್ಲಿ ನಡೆಸುವ ಒಂದು ಅಪ್ಲಿಕೇಶನ್ ತಯಾರಿಸುವ ಕಂಪನಿಯಲ್ಲಿ ಅವರು ಹಿರಿಯ ಪರೀಕ್ಷಕರು. ರಜೆ ಕೇಳುವುದು, ಹಾಜರಿ ಹಾಕುವುದು, ವಿಳಾಸ ಬದಲಿಸುವುದು, ಕೆಲಸಕ್ಕೆ ಸೇರುವುದು, ಕೆಲಸ ಬಿಡುವುದು, ಎಲ್ಲವೂ ಆ ಅಪ್ಲಿಕೇಶನ್ನಿನಲ್ಲೇ. ಅದರಲ್ಲಿ ಸಣ್ಣದೊಂದು ಬದಲಾವಣೆ ಮಾಡಿದರೂ ಉಳಿದ ಬಟನ್‌ಗಳೆಲ್ಲ ಮೊದಲಿನ ಹಾಗೇ ಕೆಲಸ ಮಾಡುತ್ತಿವೆಯೇ ಎಂದು ಯಾರಾದರೂ ಕೂತು ಒಂದೊಂದನ್ನೂ ಒತ್ತಿ ನೋಡಬೇಕು. ಹಾಗೆ ನೋಡಬೇಕಾದ ಟೆಸ್ಟುಗಳು ಒಟ್ಟು ಮುನ್ನೂರ ನಲವತ್ತು. ಒತ್ತುವುದು, ನೋಡುವುದು, ಪಟ್ಟಿಯಲ್ಲಿ ಅದರ ಮುಂದೆ 'ಪಾಸ್' ಎಂದು ಬರೆಯುವುದು. ತಿಂಗಳಿಗೊಂದು ಸಲದಂತೆ ಮೂರು ವರ್ಷಕ್ಕೂ ತುಸು ಮೇಲಿನಿಂದ ಅವರು ಹೀಗೆ ಪಾಸ್ ಪಾಸ್ ಎಂದು ಬರೆಯುತ್ತ ಬಂದದ್ದರಿಂದ ಆಫೀಸಿನವರು ಇಟ್ಟ ಹೆಸರು ಪಾಸ್ ಮೇಷ್ಟ್ರು. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಒತ್ತುವುದರ ಬಗ್ಗೆ.

ಮೂರು ವರ್ಷದಲ್ಲಿ ಬಲಗೈ ತೋರುಬೆರಳು ನೋಯತೊಡಗಿತ್ತು. ಕನಸಿನಲ್ಲೂ ಬಟನ್‌ಗಳು ಬರುತ್ತಿದ್ದವು. ಕೊನೆಗೆ ಅವರು ಹಟ ಹಿಡಿದು ಪುಸ್ತಕ ತಂದು ಓದಿ, ತಮ್ಮ ಬದಲಿಗೆ ತಾನೇ ಬಟನ್ ಒತ್ತಿಕೊಂಡು ಹೋಗುವ ಒಂದು ಸ್ಕ್ರಿಪ್ಟ್ ಬರೆದರು. ಅದನ್ನು 'ಯಂತ್ರ' ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಆರು ದಿನ ಹಿಡಿಯುವ ಕೆಲಸ ಯಂತ್ರಕ್ಕೆ ಹನ್ನೊಂದು ನಿಮಿಷ. ದಿನಾಂಕ ಕೇಳಿದಲ್ಲೆಲ್ಲ ಇವತ್ತಿನ ದಿನಾಂಕ ಹಾಕು, ಪಟ್ಟಿಯಿಂದ ಒಂದನ್ನು ಆರಿಸು ಅಂದಲ್ಲೆಲ್ಲ ಕಟ್ಟಕಡೆಯದನ್ನು ಆರಿಸು ಎಂದು ಅದಕ್ಕೆ ಕಲಿಸಿದ್ದರು. ಮಾಡಿದ್ದನ್ನು ಮುಂದಿನ ಟೆಸ್ಟಿನಲ್ಲೇ ಅಳಿಸಿಬಿಡುವುದನ್ನೂ ಕಲಿಸಿದ್ದರು. ರಜೆ ಕೇಳು, ಕೇಳಿದ ರಜೆ ರದ್ದು ಮಾಡು. ವಿಳಾಸ ಬದಲಿಸು, ಮತ್ತೆ ಹಳೆಯದನ್ನೇ ಹಾಕು. ಹೀಗೆ ಯಂತ್ರ ಓಡಾಡಿದ ಮೇಲೆ ಮನೆ ಗುಡಿಸಿ ಒರೆಸಿ ಇಟ್ಟಷ್ಟು ಚೊಕ್ಕಟವಾಗಿರುತ್ತಿತ್ತು.

ಮ್ಯಾನೇಜರು ಮಾತು ಕೊಟ್ಟಿದ್ದರು. "ಸೋಮವಾರ ಸಂಜೆ ನನ್ನ ಎದುರಿಗೆ ಮುನ್ನೂರ ನಲವತ್ತೂ ತಾನಾಗಿ ಓಡಿ ತೋರಿಸ್ಲಿ. ಅವತ್ತಿಂದ ನೀವು ಕೈಯಲ್ಲಿ ಒತ್ತೋದು ಬೇಡ. ಯಂತ್ರ ನೋಡ್ಕೊಂಡು ಹಾಯಾಗಿರಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಇನ್ನೂ ಯಾರೂ ಬಂದಿರಲಿಲ್ಲ, ಪಾಸ್ ಮೇಷ್ಟ್ರು ಅಲ್ಲಿಯವರೆಗೆ ತುಂಡುತುಂಡಾಗಿಯಷ್ಟೇ ಓಡಿಸಿದ್ದ ಯಂತ್ರವನ್ನು ಅಭ್ಯಾಸಕ್ಕೆಂದು ಮೊದಲ ಸಲ ಪೂರ್ತಿ ಓಡಿಸಿ ಕಾಫಿಗೆ ಹೋದರು. ಬಂದು ನೋಡಿದರೆ ಪರದೆ ತುಂಬ ಹಸಿರು. ಎದೆ ಉಬ್ಬಿತು. ಮುನ್ನೂರ ಮೂವತ್ತೊಂಬತ್ತು ಹಸಿರು ಗೆರೆಗಳ ನಡುವೆ ಒಂದೇ ಒಂದು ಕೆಂಪು ಗೆರೆ: ಇನ್ನೂರ ಹದಿನಾಲ್ಕನೇ ಟೆಸ್ಟು. ಕೊಟ್ಟ ರಾಜೀನಾಮೆಯನ್ನು ವಾಪಸ್ ತೆಗೆದುಕೊಳ್ಳುವ ಬಟನ್.

"ಇದಕ್ಕಿನ್ನೂ ತಿಳುವಳಿಕೆ ಸಾಲದು," ಎಂದು ಮೇಷ್ಟ್ರು ಯಂತ್ರದ ಮೇಲೆ ಕನಿಕರಪಟ್ಟರು. ಆ ಬಟನ್ನನ್ನು ಅವರೇ ಮೂರು ವರ್ಷದಿಂದ ಪಾಸ್ ಮಾಡುತ್ತ ಬಂದಿದ್ದಾರೆ. ತಪ್ಪು ಯಂತ್ರದ್ದೇ ಇರಬೇಕು.

ಅಷ್ಟರಲ್ಲಿ ಪಕ್ಕದ ಮೇಜಿನ ಲೌಡ್‌ಸ್ಪೀಕರ್ ಬಂದ. ಅವನ ಕಿವಿಗೆ ಬಿದ್ದ ಸುದ್ದಿ ಎರಡು ಮಹಡಿ ದಾಟಲು ಐದು ನಿಮಿಷ ಸಾಕಾಗಿತ್ತು. ಬಂದವನೇ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ.

"ಏನ್ ಮೇಷ್ಟ್ರೇ ಹೀಗೆ ಮಾಡ್ಬಿಟ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?"

"ಏನು ಹೇಳ್ಬೇಕಿತ್ತು?"

"ಎಲ್ರಿಗೂ ಮೆಸೇಜ್ ಬಂದಿದೆ ಬಿಡಿ. ಹೋಗ್ಲಿ, ಎಲ್ಲಿಗೆ ಹೋಗ್ತಿದೀರಿ? ಜಾಸ್ತಿ ಕೊಡ್ತಾರಾ?"

ಅವನ ಮೊಬೈಲಿನಲ್ಲಿದ್ದ ಮೆಸೇಜನ್ನು ಮೇಷ್ಟ್ರು ಓದಿದರು. 'ನಮ್ಮ ಹಿರಿಯ ಪರೀಕ್ಷಕರು ರಾಜೀನಾಮೆ ಸಲ್ಲಿಸಿರುತ್ತಾರೆ. ಸೇವೆಯ ಕೊನೆಯ ದಿನ: ಇಂದು. ಕಾರಣ: ಹೇಳಲು ಇಷ್ಟವಿಲ್ಲ.'

ಮೇಷ್ಟ್ರು ಮೊಬೈಲನ್ನು ಅವನ ಕೈಗೆ ತುರುಕಿದರು. ಕಂಪ್ಯೂಟರಿಗೆ ತಿರುಗಿ ಯಂತ್ರದ ಮೊದಲ ಸಾಲು ನೋಡಿದರು. ಅಪ್ಲಿಕೇಶನ್ನಿಗೆ ಎರಡು ಪ್ರತಿ. ಒಂದು ಅಸಲಿ, ಆಫೀಸಿನವರು ದಿನವೂ ಬಳಸುವಂಥದ್ದು. ಇನ್ನೊಂದು ಪರೀಕ್ಷೆಗೆಂದು ಇಟ್ಟ ನಕಲು, ಅದರಲ್ಲಿ ಏನು ಮಾಡಿದರೂ ಯಾರಿಗೂ ತಟ್ಟುವುದಿಲ್ಲ. ಶುಕ್ರವಾರ ಸಂಜೆ ಏನೋ ಒಂದು ಬಟನ್ನಿನ ಹೆಸರು ಸರಿಯಾಗಿದೆಯೇ ನೋಡಲೆಂದು ಅವರು ಯಂತ್ರವನ್ನು ಅಸಲಿಗೆ ತಿರುಗಿಸಿದ್ದರು. ಮತ್ತೆ ನಕಲಿಗೆ ತಿರುಗಿಸಿರಲಿಲ್ಲ. ಯಂತ್ರ ಬೆಳಿಗ್ಗೆ ಅಸಲಿ ಅಪ್ಲಿಕೇಶನ್ನಿನಲ್ಲಿ, ಹೋದ ತಿಂಗಳು ಆ ಖಾಲಿ ಚೌಕದಲ್ಲಿ ತುಂಬಿಸಿಟ್ಟ ಸಂಖ್ಯೆಯ ದೆಸೆಯಿಂದ ಅಸಲಿ ಪಾಸ್ ಮೇಷ್ಟ್ರ ಹೆಸರಲ್ಲಿ, ಹೇಳಿಕೊಟ್ಟಂತೆ ಎಲ್ಲವನ್ನೂ ಮಾಡಿತ್ತು. ರಜೆ ಕೇಳಿ ರದ್ದು ಮಾಡಿತ್ತು. ವಿಳಾಸ ಬದಲಿಸಿ ಮತ್ತೆ ಸರಿ ಮಾಡಿತ್ತು. ಇನ್ನೂರ ಹದಿಮೂರನೆಯದರಲ್ಲಿ ರಾಜೀನಾಮೆ ಕೊಟ್ಟಿತ್ತು, ಇವತ್ತಿನ ದಿನಾಂಕ ಹಾಕಿ, ಕಾರಣಗಳ ಪಟ್ಟಿಯ ಕಟ್ಟಕಡೆಯ ಕಾರಣವನ್ನು ಆರಿಸಿ. ಇನ್ನೂರ ಹದಿನಾಲ್ಕನೆಯದರಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ಹೋಗಿ ಆಗದೆ, ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಕೆಂಪು ಗೆರೆ ಎಳೆದಿತ್ತು.

ಮೇಷ್ಟ್ರು ತಾವೇ ಆ ಬಟನ್ ಒತ್ತಿದರು. 'ನಿಮ್ಮ ಕೋರಿಕೆ ಯಶಸ್ವಿಯಾಗಿ ಸ್ವೀಕೃತವಾಗಿದೆ' ಎಂದಿತು. ಆದರೆ ಮೇಲುಗಡೆ 'ರಾಜೀನಾಮೆ ನೀಡಿದ್ದಾರೆ' ಅನ್ನುವುದು ಹಾಗೇ ಇತ್ತು. ಇನ್ನೊಂದು ಸಲ ಒತ್ತಿದರು. ಮತ್ತೆ ಯಶಸ್ವಿ. ಹದಿನೇಳು ಸಲ ಒತ್ತಿದರು, ಹದಿನೇಳು ಸಲವೂ ಯಶಸ್ವಿ.

ನಿಜ ಹೇಳಬೇಕೆಂದರೆ, ಮೂರು ವರ್ಷದಲ್ಲಿ ಮೇಷ್ಟ್ರು ಆ ಬಟನ್ನನ್ನು ಒತ್ತಿದ್ದು ಅದೇ ಮೊದಲು. ಅದನ್ನು ಪರೀಕ್ಷಿಸಬೇಕೆಂದರೆ ನಕಲಿನಲ್ಲಿ ಒಬ್ಬ ಹೊಸ ಉದ್ಯೋಗಿಯನ್ನು ಸೃಷ್ಟಿಸಿ, ಅವನಿಗೆ ಹುದ್ದೆ ಕೊಟ್ಟು, ಅವನಿಂದ ರಾಜೀನಾಮೆ ಕೊಡಿಸಬೇಕು. ಅರ್ಧ ದಿನದ ಕೆಲಸ. ಕೊಟ್ಟ ರಾಜೀನಾಮೆಯನ್ನು ಯಾವ ಮಹಾನುಭಾವ ವಾಪಸ್ ಕೇಳುತ್ತಾನೆ ಅಂದುಕೊಂಡು ಮೊದಲ ತಿಂಗಳು ಸುಮ್ಮನೆ 'ಪಾಸ್' ಎಂದು ಬರೆದರು. ಎರಡನೇ ತಿಂಗಳು ಕೈ ತಾನಾಗಿ ಬರೆಯಿತು.

ಅಷ್ಟರಲ್ಲಿ ಮನೆಯಿಂದ ಫೋನು. ಕುಟುಂಬದವರಿಗೂ ಒಂದು ಮೆಸೇಜ್ ಕಳಿಸುವಷ್ಟು ಅಪ್ಲಿಕೇಶನ್ ಸೌಜನ್ಯವುಳ್ಳದ್ದಾಗಿತ್ತು.

"ರೀ, ಕೆಲಸ ಬಿಟ್ರಂತೆ?" ಹೆಂಡತಿಯ ದನಿ ತಣ್ಣಗಿತ್ತು. ಜೋರಾಗಿದ್ದರೆ ಮೇಷ್ಟ್ರಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಇಲ್ಲ ಕಣೆ, ನಾನು ಬಿಟ್ಟಿಲ್ಲ. ಯಂತ್ರ ಬಿಟ್ಟಿದೆ."

"ಕಾರಣ ಹೇಳಲು ಇಷ್ಟವಿಲ್ಲ ಅಂತ ಬರೆದಿದೀರಿ. ಊರಿಗೆ ಹೇಳ್ಬೇಡಿ, ಬೇಡ ಅನ್ನಲ್ಲ. ಕಟ್ಕೊಂಡೋಳಿಗೂ ಹೇಳಲು ಇಷ್ಟ ಇಲ್ವಾ?"

"ಅದು ಪಟ್ಟಿಯಲ್ಲಿ ಕೊನೇಲಿತ್ತು, ಅದಕ್ಕೆ..."

"ನಾನೂ ನಿಮ್ಮ ಪಟ್ಟೀಲಿ ಕೊನೇಲೇ ಇರೋದು, ಗೊತ್ತು. ತಗೊಳ್ಳಿ, ಅಪ್ಪ ಮಾತಾಡ್ತಾರಂತೆ."

ಮಾವನವರಿಗೆ ಪೇಟೆಯಲ್ಲಿ ಟೈರಿನ ಅಂಗಡಿ. ಅಳಿಯ ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತಾನೆಂಬುದು ಅವರಿಗೆ ಇವತ್ತಿಗೂ ಅರ್ಥವಾಗಿರಲಿಲ್ಲ. ಮದುವೆಯಾದ ದಿನದಿಂದ ಅವರ ಆಸೆ ಒಂದೇ, ಅಳಿಯ ಬಂದು ಅಂಗಡಿಯಲ್ಲಿ ಕೂರಬೇಕು.

"ಅಳಿಯಂದಿರೇ, ಒಳ್ಳೇ ಕೆಲಸ ಮಾಡಿದ್ರಿ! ನಾಳೆ ಬೆಳಿಗ್ಗೆ ಎಂಟಕ್ಕೆ ಬಂದ್ಬಿಡಿ. ಹಳೇ ಬಟ್ಟೆ ಹಾಕ್ಕೊಂಡ್ಬನ್ನಿ, ಕರಿ ಹತ್ತುತ್ತೆ."

"ಮಾವ, ಅದು ಹಾಗಲ್ಲ, ತಪ್ಪಾಗಿ..."

"ತಪ್ಪು ಆಗಿದ್ದು ಆಗ್ಹೋಯ್ತು, ಇಷ್ಟು ವರ್ಷ ಅಲ್ಲಿದ್ರಲ್ಲ ಅದು. ಈಗ ಸರಿ ಹೋಯ್ತಲ್ಲ ಬಿಡಿ."

ಫೋನಿಟ್ಟಾಗ ಮೇಷ್ಟ್ರ ಮೂಗಿಗೆ ಆಗಲೇ ರಬ್ಬರಿನ ವಾಸನೆ ಬಡಿಯಿತು. ಸಂಜೆ ಆರರೊಳಗೆ ಈ ರಾಜೀನಾಮೆ ವಾಪಸಾಗದಿದ್ದರೆ ನಾಳೆಯಿಂದ ಬದುಕೆಲ್ಲ ಟೈರು. ಎದ್ದವರೇ ಸಿಬ್ಬಂದಿ ವಿಭಾಗಕ್ಕೆ ಓಡಿದರು.

ಸಿಬ್ಬಂದಿ ವಿಭಾಗದ ಮೇಡಂ ಕೆಟ್ಟವರಲ್ಲ. ಆದರೆ ಕಣ್ಣೆದುರು ನಿಂತ ಮನುಷ್ಯನಿಗಿಂತ ಸಿಸ್ಟಮ್ಮಿನಲ್ಲಿರುವ ಮನುಷ್ಯನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಒಮ್ಮೆ ಡ್ರೈವರೊಬ್ಬ ಎದುರಿಗೆ ನಿಂತಿದ್ದಾಗಲೇ, ಸಿಸ್ಟಮ್ಮಿನಲ್ಲಿ ಗೈರುಹಾಜರಿ ಇದೆಯೆಂದು ಅವನಿಗೇ ಅವನ ಗೈರುಹಾಜರಿಯ ನೋಟಿಸ್ ಕೊಟ್ಟು ಸಹಿ ಹಾಕಿಸಿಕೊಂಡವರು.

"ಮೇಡಂ, ನಾನು ರಾಜೀನಾಮೆ ಕೊಟ್ಟಿಲ್ಲ."

"ಕೊಟ್ಟಿದೀರಿ. ಒಂಬತ್ತು ಗಂಟೆ ಏಳು ನಿಮಿಷಕ್ಕೆ."

"ಸರಿ, ಕೊಟ್ಟೆ ಅಂತಾನೇ ಇಟ್ಕೊಳ್ಳಿ. ಈಗ ವಾಪಸ್ ತಗೋತೀನಿ."

"ತಗೊಳ್ಳಿ. ಅದಕ್ಕೆ ಬಟನ್ ಇದೆಯಲ್ಲ."

"ಬಟನ್ ಕೆಲಸ ಮಾಡ್ತಿಲ್ಲ ಮೇಡಂ."

"ಮಾಡುತ್ತೆ," ಅಂದರು ಮೇಡಂ. ಬೀರು ತೆರೆದು ದಪ್ಪನೆಯ ಫೈಲೊಂದನ್ನು ತೆಗೆದು ಮೇಜಿನ ಮೇಲಿಟ್ಟು ಪುಟ ತಿರುವಿದರು. "ಇಲ್ಲಿ ನೋಡಿ. ಇನ್ನೂರ ಹದಿನಾಲ್ಕು, ರಾಜೀನಾಮೆ ಹಿಂಪಡೆಯುವ ಬಟನ್. ಪಾಸ್. ಇದರ ಹಿಂದಿನ ತಿಂಗಳು, ಪಾಸ್. ಅದರ ಹಿಂದಿನ ತಿಂಗಳು, ಪಾಸ್. ಸಹಿ ಯಾರದ್ದು?"

ಮೇಷ್ಟ್ರು ತಮ್ಮ ಸಹಿಯನ್ನು ಬಗ್ಗಿ ನೋಡಿದರು. ಅಂದವಾಗಿಯೇ ಇತ್ತು. "ನಂದೇ."

"ಒಟ್ಟು ಮೂವತ್ತೆಂಟು ಸಲ ನೀವೇ ಬರ್ಕೊಟ್ಟಿದೀರಿ, ಈ ಬಟನ್ ಕೆಲಸ ಮಾಡುತ್ತೆ ಅಂತ. ನೀವು ಪರೀಕ್ಷೆ ಮಾಡಿದ್ಮೇಲೆ ಅದು ಕೆಲಸ ಮಾಡ್ದೆ ಇರೋಕೆ ಹೇಗೆ ಸಾಧ್ಯ? ಸರಿಯಾಗಿ ಒತ್ತಿರಲ್ಲ ನೀವು."

"ಹದಿನೇಳು ಸಲ ಒತ್ತಿದೀನಿ."

"ನೋಡಿ ಸಾರ್," ಮೇಡಂ ದನಿ ಸ್ವಲ್ಪ ಮೆತ್ತಗಾಯಿತು. "ಬಟನ್ ಕೆಟ್ಟಿದೆ ಅಂತ ನೀವು ಲಿಖಿತವಾಗಿ ಕೊಟ್ರೆ ನಾನು ಸಾಹೇಬ್ರ ಹತ್ರ ಒಯ್ತೀನಿ. ಆದ್ರೆ ಮೂವತ್ತೆಂಟು ಸಲ ಪಾಸ್ ಅಂತ ಬರ್ದಿದ್ದು ಹೇಗೆ ಅನ್ನೋದನ್ನೂ ಬರೀಬೇಕಾಗುತ್ತೆ. ಯೋಚ್ನೆ ಮಾಡಿ."

ಮೇಷ್ಟ್ರು ಯೋಚಿಸುತ್ತ ಹೊರಬಂದರು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಹೋಗುತ್ತದೆ, ಮರ್ಯಾದೆ ಉಳಿಯುತ್ತದೆ. ಬಾಯಿ ಬಿಟ್ಟರೆ ಮರ್ಯಾದೆಯಂತೂ ಹೋಗುತ್ತದೆ, ಕೆಲಸ ಉಳಿಯುವ ಖಾತ್ರಿ ಏನೂ ಇಲ್ಲ. ಮರ್ಯಾದೆ ಇಟ್ಟುಕೊಂಡು ಟೈರು ಮಾರಬಹುದು ನಿಜ. ಆದರೆ ಮಾವನವರು ಪಕ್ಕದಲ್ಲಿ ಕೂತಿರುತ್ತಾರೆ.

ಮೂರನೆಯ ದಾರಿಯೊಂದು ಹೊಳೆಯಿತು. ಆ ಬಟನ್ ಮಾಡಿದವನ ಹತ್ತಿರವೇ ಹೋಗಿ ಗುಟ್ಟಾಗಿ ಸರಿ ಮಾಡಿಸಿಕೊಂಡರೆ?

ಬಟನ್ ಮಾಡಿದ ಪ್ರೋಗ್ರಾಮರನಿಗೆ ಆಫೀಸಿನಲ್ಲಿ ಆಮೇಲಪ್ಪ ಎಂದು ಹೆಸರು. ಏನು ಕೇಳಿದರೂ "ಆಮೇಲೆ ಮಾಡ್ಕೊಡ್ತೀನಿ" ಅನ್ನುವವನು. ಬುದ್ಧಿವಂತ, ಆದರೆ ಅವನ ಬುದ್ಧಿಯೆಲ್ಲ ಇವತ್ತಿನ ಕೆಲಸವನ್ನು ನಾಳೆಗೆ ದೂಡುವುದರಲ್ಲೇ ಖರ್ಚಾಗುತ್ತಿತ್ತು.

"ಆ ಬಟನ್ನಾ?" ಆಮೇಲಪ್ಪ ತಲೆ ಕೆರೆದುಕೊಂಡ. "ಅದರ ಹಿಂದೆ ಒಂದಿಷ್ಟು ಬರೆಯೋದು ಬಾಕಿ ಇತ್ತು ಅಂತ ಕಾಣುತ್ತೆ. ಯಶಸ್ವಿ ಅಂತ ಮೆಸೇಜ್ ಬರೋ ಹಾಗೆ ಮಾಡಿ ಬಿಟ್ಟಿದ್ದೆ. ನೀವು ಟೆಸ್ಟ್ ಮಾಡ್ದಾಗ ಹಿಡೀತೀರಿ, ಆಗ ಬರ್ದ್ರಾಯ್ತು ಅಂತ. ನೀವು ಪಾಸ್ ಅಂದ್ರಿ. ಯಾರೋ ಪುಣ್ಯಾತ್ಮರು ಬರೆದು ಮುಗಿಸಿರ್ಬೇಕು ಅಂದ್ಕೊಂಡೆ."

"ಈಗ ಬರ್ದ್ಬಿಡು ಮಾರಾಯ. ಯಾರಿಗೂ ಗೊತ್ತಾಗ್ದ ಹಾಗೆ."

"ದೋಷದ ವರದಿ ಇಲ್ದೆ ಅಸಲಿಗೆ ಕೈ ಹಾಕೋ ಹಾಗಿಲ್ಲ ಮೇಷ್ಟ್ರೇ, ನಿಮಗೇ ಗೊತ್ತಲ್ಲ. ಒಂದು ವರದಿ ಹಾಕಿ, ಆಮೇಲೆ ನೋಡೋಣ."

ವರದಿ ಹಾಕಲು ಮೇಷ್ಟ್ರು ತಮ್ಮ ಮೇಜಿಗೆ ಬಂದರು. ಕಂಪ್ಯೂಟರ್ ಅವರನ್ನು ಒಳಗೆ ಬಿಡಲಿಲ್ಲ. 'ತಮ್ಮ ಸೇವಾವಧಿ ಇಂದಿಗೆ ಮುಗಿಯುವುದರಿಂದ ತಮ್ಮ ಅಧಿಕಾರಗಳನ್ನು ಹಿಂಪಡೆಯಲಾಗಿದೆ. ಮುಂದಿನ ಬದುಕು ಸುಖಕರವಾಗಿರಲಿ.' ಹಿಂಪಡೆಯುವ ಬಟನ್ನೊಂದನ್ನು ಬಿಟ್ಟು ಬೇರೆ ಎಲ್ಲ ಹಿಂಪಡೆಯುವಿಕೆಯೂ ಸೊಗಸಾಗಿ ಕೆಲಸ ಮಾಡುತ್ತಿತ್ತು. ಅವನ್ನೆಲ್ಲ ಮೇಷ್ಟ್ರು ನಿಜವಾಗಿಯೂ ಪರೀಕ್ಷಿಸಿದ್ದರು.

ಈ ನಡುವೆ ಲೌಡ್‌ಸ್ಪೀಕರ್ ಸುಮ್ಮನಿರಲಿಲ್ಲ. ಕಾರಣ ಹೇಳಲು ಇಷ್ಟವಿಲ್ಲ ಅಂದರೆ ಏನಿರಬಹುದು ಎಂಬ ಬಗ್ಗೆ ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ನಾಲ್ಕು ಪಕ್ಷಗಳಾಗಿದ್ದವು. ಹೆಂಡತಿ ಬಿಟ್ಟು ಹೋದಳು ಎಂಬುದು ಒಂದು. ದೊಡ್ಡ ಬಹುಮಾನ ಹೊಡೆದಿದೆ, ಅದಕ್ಕೇ ಮುಖ ಗಂಟಿಕ್ಕಿಕೊಂಡು ಮುಚ್ಚಿಡುತ್ತಿದ್ದಾರೆ ಎಂಬುದು ಇನ್ನೊಂದು. ವಾಸಿಯಾಗದ ಕಾಯಿಲೆ ಎಂಬುದು ಮೂರನೆಯದು. ಆ ಪಕ್ಷದವರು ಮೇಷ್ಟ್ರನ್ನು ಕಂಡಲ್ಲೆಲ್ಲ ಎದ್ದು ಕುರ್ಚಿ ಕೊಡುತ್ತಿದ್ದರು. ನಾಲ್ಕನೆಯವರಿಗೆ ಕಾರಣ ಬೇಕಿರಲಿಲ್ಲ, ಕಿಟಕಿ ಪಕ್ಕದ ಮೇಷ್ಟ್ರ ಜಾಗ ಬೇಕಿತ್ತು. ಮೇಷ್ಟ್ರು ಊಟದಿಂದ ಬರುವಷ್ಟರಲ್ಲಿ ಅವರ ಹೂಕುಂಡವನ್ನು ಯಾರೋ "ನೀರು ಹಾಕ್ತೀನಿ" ಎಂದು ಒಯ್ದಿದ್ದರು.

"ನಾನು ಹೋಗ್ತಾ ಇಲ್ಲ ಕಣ್ರೋ," ಅಂದರು ಮೇಷ್ಟ್ರು.

"ಎಲ್ರೂ ಹಾಗೇ ಅನ್ನೋದು ಮೇಷ್ಟ್ರೇ. ಮನಸ್ಸು ಬರಲ್ಲ," ಎಂದು ಲೌಡ್‌ಸ್ಪೀಕರ್ ಬೆನ್ನು ಸವರಿದ. "ಮೂರು ಗಂಟೆಗೆ ಮೀಟಿಂಗ್ ರೂಮಿಗೆ ಬನ್ನಿ. ಕೇಕ್ ಹೇಳಿದೀನಿ."

ಮೂರು ಗಂಟೆಗೆ ಮೀಟಿಂಗ್ ರೂಮು ತುಂಬಿತ್ತು. ಕೇಕಿನ ಮೇಲೆ 'ಹೋಗಿ ಬನ್ನಿ' ಎಂದು ಬರೆದಿತ್ತು. ಲೌಡ್‌ಸ್ಪೀಕರ್ ಹತ್ತು ನಿಮಿಷ ಮಾತಾಡಿ ಕಣ್ಣೊರೆಸಿಕೊಂಡ. ಕಾಯಿಲೆ ಪಕ್ಷದವರು ನಿಜವಾಗಿಯೂ ಅತ್ತರು. ಕೊನೆಯಲ್ಲಿ ಮ್ಯಾನೇಜರು ಎದ್ದರು. ಅವರು ಹೆಚ್ಚು ಮಾತಿನವರಲ್ಲ, ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

"ಇವರು ಯಾಕೆ ಹೋಗ್ತಿದಾರೆ ನಂಗೂ ಗೊತ್ತಿಲ್ಲ. ಹೇಳಲು ಇಷ್ಟವಿಲ್ಲ ಅಂದಿದಾರೆ, ನಾನು ಕೇಳಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ಮೂರು ವರ್ಷದಲ್ಲಿ ಇವರು ಪಾಸ್ ಅಂತ ಬರೆದಿದ್ದನ್ನ ನಾನು ಇನ್ನೊಂದ್ಸಲ ನೋಡಿದ್ದಿಲ್ಲ. ನೋಡ್ಬೇಕು ಅಂತ ಅನ್ಸಿದ್ದೂ ಇಲ್ಲ. ಅಂಥ ನಂಬಿಕೆ ಮತ್ತೆ ಎಲ್ಲಿಂದ ತರೋದು?"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಬಾಯಲ್ಲಿದ್ದ ಕೇಕಿನ ತುಂಡು ಅಲ್ಲೇ ನಿಂತಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಈ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಅವರಿಗೆ ನಾಚಿಕೆಯಾಯಿತು, ಕಿವಿಯೆಲ್ಲ ಬಿಸಿಯಾಗುವಷ್ಟು, ಟೈರಿನ ಅಂಗಡಿಯೇ ವಾಸಿ ಅನ್ನಿಸುವಷ್ಟು ನಾಚಿಕೆ.

"ಸಾರ್," ಅಂದರು, ಕೇಕ್ ನುಂಗಿ. "ಇನ್ನೂರ ಹದಿನಾಲ್ಕನ್ನ ನಾನು ಒಂದು ಸಲನೂ ಒತ್ತಿ ನೋಡಿಲ್ಲ ಸಾರ್."

ಚಪ್ಪಾಳೆ ನಿಂತಿತು. ಮೇಷ್ಟ್ರು ಎಲ್ಲವನ್ನೂ ಹೇಳಿದರು. ಖಾಲಿ ಚೌಕದಿಂದ ಹಿಡಿದು ಶುಕ್ರವಾರದ ಮರೆವಿನವರೆಗೆ, ಮೂವತ್ತೆಂಟು ಸುಳ್ಳು ಪಾಸುಗಳಿಂದ ಹಿಡಿದು ಹದಿನೇಳು ಯಶಸ್ವಿ ಕೋರಿಕೆಗಳವರೆಗೆ. ಆಮೇಲಪ್ಪ ಮೆಲ್ಲನೆ ಕೇಕಿನ ಹಿಂದೆ ಸರಿದ.

ಮ್ಯಾನೇಜರು ತಮ್ಮ ತಟ್ಟೆಯ ಕೇಕನ್ನು ನಿಧಾನವಾಗಿ ಮುಗಿಸಿದರು.

"ಇಂಥವು ಇನ್ನೆಷ್ಟಿವೆ?"

"ಇನ್ನೊಂದಿತ್ತು ಸಾರ್. ಅದು ಕೆಲಸ ಮಾಡುತ್ತೆ, ಇವತ್ತು ಬೆಳಿಗ್ಗೆ ಯಂತ್ರ ಒತ್ತಿ ನೋಡಿದೆ."

ಮ್ಯಾನೇಜರ ತುಟಿಯ ತುದಿ ಸ್ವಲ್ಪ ಅಲುಗಿತು. "ನೀವು ಮೂರು ವರ್ಷದಲ್ಲಿ ಹಿಡೀದೆ ಇದ್ದದ್ದನ್ನ ನಿಮ್ಮ ಯಂತ್ರ ಹನ್ನೊಂದು ನಿಮಿಷದಲ್ಲಿ ಹಿಡೀತು. ಅಂದ್ರೆ ಯಂತ್ರ ಚೆನ್ನಾಗಿದೆ. ಅದನ್ನ ಮಾಡಿದ್ದು ನೀವು. ಇಷ್ಟು ಜನರ ಮುಂದೆ ಒಪ್ಕೊಂಡೋರೂ ನೀವೇ. ಹೋಗೋದೇನೂ ಬೇಡ." ಕೇಕಿನ ಕಡೆ ತಿರುಗಿ, "ಆಮೇಲಪ್ಪ, ಅದರ ಹಿಂದೆ ಏನು ಬರೀಬೇಕೋ ಈಗಲೇ ಬರಿ. ನಾನು ಇಲ್ಲೇ ಕೂತಿರ್ತೀನಿ," ಅಂದರು.

'ಈಗಲೇ' ಎಂಬ ಮಾತನ್ನು ಆಮೇಲಪ್ಪ ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲಿರಬೇಕು. ಬೆವರುತ್ತ ಕೂತು ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಿದ. ಹೊಸದನ್ನು ನಕಲಿಗೂ ಅಸಲಿಗೂ ಸೇರಿಸಿದ. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಒಂದು ರಾಜೀನಾಮೆ ವಾಪಸ್ ತೆಗೆಯಲು ಇಷ್ಟು ಹೊತ್ತೇ ಎಂದು ಯಾರೂ ಯೋಚಿಸಲಿಲ್ಲ. ಕೊನೆಗೆ ಬಂತು: 'ರಾಜೀನಾಮೆ ಹಿಂಪಡೆಯಲಾಗಿದೆ. ತಾವು ನಮ್ಮ ಉದ್ಯೋಗಿಯಾಗಿ ಮುಂದುವರಿಯುತ್ತೀರಿ.'

ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ಹೂಕುಂಡ ವಾಪಸ್ ಬಂತು, ಎರಡು ಎಲೆ ಕಡಿಮೆಯಾಗಿತ್ತು. ಮೇಷ್ಟ್ರು ಕಣ್ಣು ತುಂಬಿಕೊಂಡು ಕಿಟಕಿ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತರು. ಇನ್ನು ಮೇಲೆ ಒಂದು ಪಾಸನ್ನೂ ಸುಮ್ಮನೆ ಬರೆಯುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ಸಂತೋಷ ಮುಕ್ಕಾಲು ಗಂಟೆ ಉಳಿಯಿತು.

ನಾಲ್ಕೂವರೆಗೆ ಸಿಬ್ಬಂದಿ ವಿಭಾಗದ ಫೋನು ಹೊಡೆದುಕೊಳ್ಳಲು ಶುರುವಾಯಿತು. ಒಂದಿಟ್ಟರೆ ಇನ್ನೊಂದು. ಮೇಡಂ ಸಿಸ್ಟಮ್ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ನಂತರ ನೆಟ್ಟಗೆ ಮ್ಯಾನೇಜರ ಕೋಣೆಗೆ ನಡೆದರು. ಮೇಷ್ಟ್ರಿಗೂ ಆಮೇಲಪ್ಪನಿಗೂ ಕರೆ ಬಂತು.

"ಸಾರ್, ಇವತ್ತು ಒಬ್ಬರದ್ದಲ್ಲ, ಹನ್ನೆರಡು ಜನರ ರಾಜೀನಾಮೆ ವಾಪಸಾಗಿದೆ."

ಎಲ್ಲರೂ ಆಮೇಲಪ್ಪನನ್ನು ನೋಡಿದರು. ಅವನು ನೆಲ ನೋಡುತ್ತ ವಿವರಿಸಿದ. ಬಟನ್ ಒತ್ತಿದವರ ಕೋರಿಕೆಗಳೆಲ್ಲ ಬಂದು ಒಂದು ಸಾಲಿನಲ್ಲಿ ನಿಲ್ಲುವಂತೆ ಅವನು ಆಗಲೇ ಮಾಡಿದ್ದ. ಅವನ್ನು ತೆಗೆದು ನೋಡುವ ಭಾಗವಷ್ಟೇ ಬಾಕಿ ಇತ್ತು. "ಈಗ ಬರ್ದೆ. ಅದು ಸಾಲಿನ ತಲೆಯಿಂದ ತಗೊಂಡ್ಬಂತು ಸಾರ್. ಮೇಷ್ಟ್ರು ಕೊನೇಲಿದ್ರು."

ಮೇಷ್ಟ್ರನ್ನು ಬಿಟ್ಟರೆ ಹನ್ನೊಂದು ಜನ. ಸಿಟ್ಟಿನಲ್ಲಿ ರಾಜೀನಾಮೆ ಕೊಟ್ಟು, ಮನೆಗೆ ಹೋಗಿ ಮನಸ್ಸು ಕರಗಿ, ಬಟನ್ ಒತ್ತಿ, 'ಯಶಸ್ವಿ' ಎಂದು ಓದಿ, ಆಫೀಸಿನ ಉತ್ತರಕ್ಕಾಗಿ ಕಾದು, ಯಾರೂ ಕರೆಯದೆ ಸುಮ್ಮನಾದವರು. ಕೊಟ್ಟ ರಾಜೀನಾಮೆಯನ್ನು ಯಾವ ಮಹಾನುಭಾವ ವಾಪಸ್ ಕೇಳುತ್ತಾನೆ ಎಂದು ತಾವು ಅಂದುಕೊಂಡದ್ದು ಮೇಷ್ಟ್ರಿಗೆ ನೆನಪಾಯಿತು.

"ಸಾಲಿನ ತಲೇಲಿ ಇದ್ದದ್ದು ಯಾರು?" ಕೇಳಿದರು ಮ್ಯಾನೇಜರು.

ಮೇಡಂ ಉತ್ತರಿಸುವ ಮೊದಲೇ ಬಾಗಿಲು ತೆರೆಯಿತು. ಐವತ್ತರ ಹತ್ತಿರದ ಹೆಂಗಸೊಬ್ಬರು, ಭುಜಕ್ಕೆ ಚೀಲ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಹಳೆಯ ಉದ್ಯೋಗಿ ಕಾರ್ಡು. ಅವರನ್ನು ಕಂಡು ಮ್ಯಾನೇಜರು ಎದ್ದು ನಿಂತರು. ಮೂರು ವರ್ಷದ ಹಿಂದೆ ಈ ಆಫೀಸಿನ ಹಿರಿಯ ಪರೀಕ್ಷಕಿ. ಪೂರ್ತಿ ಪರೀಕ್ಷೆಯಾಗದೆ ಅಪ್ಲಿಕೇಶನ್ ಹೊರಗೆ ಬಿಡಕೂಡದು ಎಂದು ಮ್ಯಾನೇಜರ ಜೊತೆ ಜಗಳವಾಡಿ, ಅದೇ ಅಪ್ಲಿಕೇಶನ್ನಿನಲ್ಲಿ ಮೊಟ್ಟಮೊದಲ ರಾಜೀನಾಮೆ ಕೊಟ್ಟು ಹೋದವರು.

"ಗೇ‌ಟು ನನ್ನ ಹಳೇ ಕಾರ್ಡನ್ನ ಒಪ್ಕೊಳ್ತು," ಅಂದರು ಆಕೆ. "ಮೆಸೇಜ್ ನೋಡಿ ಮೊದಲು ನಂಬ್ಲಿಲ್ಲ. ಅವತ್ತು ರಾಜೀನಾಮೆ ಕೊಟ್ಟು ಹೋಗಿ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಎದ್ದು ಬಟನ್ ಒತ್ತಿದ್ದೆ ಸಾರ್. ಒಂದು ವಾರ ಫೋನು ಪಕ್ಕದಲ್ಲೇ ಇಟ್ಕೊಂಡು ಕಾದೆ. ನಿಮಗೆ ನಾನು ಬೇಡವಾದೆ ಅಂತ ತಿಳ್ಕೊಂಡೆ."

"ನಾನೂ ತಪ್ಪು ತಿಳ್ಕೊಂಡೆ," ಅಂದರು ಮ್ಯಾನೇಜರು. "ಸಿಟ್ಟು ಇಳೀಲಿಲ್ಲ, ವಾಪಸ್ ಬರೋ ಮನಸ್ಸಿಲ್ಲ ಅಂತ." ಅವರ ದನಿ ಅಷ್ಟು ಮೆತ್ತಗಾದದ್ದನ್ನು ಮೇಷ್ಟ್ರು ಅಲ್ಲಿಯವರೆಗೆ ಕೇಳಿರಲಿಲ್ಲ. "ಈಗ ಎಲ್ಲಿದೀರಿ?"

"ಎರಡು ರಸ್ತೆ ಆಚೆ ಒಂದು ಕಂಪನೀಲಿದ್ದೆ. ಮೆಸೇಜ್ ಬಂದ ತಕ್ಷಣ ಬಿಟ್ಟು ಬಂದೆ. ಅಲ್ಲಿ ರಾಜೀನಾಮೆ ಕಾಗದದಲ್ಲಿ ಬರ್ದು ಕೊಡ್ಬೇಕು, ವಾಪಸ್ ತಗೊಳ್ಳೋಕೆ ಬಟನ್ ಇಲ್ಲ."

ಮೇಡಂ ಸಿಸ್ಟಮ್ಮಿನ ತೀರ್ಪನ್ನು ಓದಿ ಹೇಳಿದರು. ಹಿರಿಯ ಪರೀಕ್ಷಕರ ಹುದ್ದೆ ಇರುವುದು ಒಂದೇ. ವಾಪಸಾದವರಲ್ಲಿ ಸಾಲಿನಲ್ಲಿ ಮುಂದಿದ್ದವರಿಗೆ ಅದು ಆಗಲೇ ಸಂದಿದೆ. ಸಾಲಿನ ಕೊನೆಯವರು ಉದ್ಯೋಗಿಯಾಗಿ ಮುಂದುವರಿಯುವುದು ಖಂಡಿತ, ಆದರೆ ಖಾಲಿಯಿರುವ ಹುದ್ದೆಯಲ್ಲಿ. ಖಾಲಿಯಿರುವುದು ತರಬೇತಿ ಪರೀಕ್ಷಕನದ್ದು.

"ಸಿಸ್ಟಮ್ ಹೇಳಿದ್ಮೇಲೆ ನಾನೇನು ಮಾಡ್ಲಿ ಸಾರ್?" ಎಂದು ಮೇಡಂ ಮೇಷ್ಟ್ರ ಕಡೆ ನೋಡಿದರು. ಆ ನೋಟದಲ್ಲಿ ಮರುಕವಿತ್ತು.

ಮೇಷ್ಟ್ರಿಗೆ ಆಗ ಒಂದು ವಿಷಯ ಹೊಳೆಯಿತು. ತಾವು ಈಕೆಯ ಜಾಗಕ್ಕೆ ಸೇರಿದ ಮೊದಲ ತಿಂಗಳಲ್ಲೇ ಆ ಬಟನ್ನನ್ನು ನೆಟ್ಟಗೆ ಒತ್ತಿ ನೋಡಿ 'ಫೇಲ್' ಎಂದು ಬರೆದಿದ್ದರೆ, ಅದು ಆಗಲೇ ಸರಿಹೋಗಿ, ಈಕೆ ಆಗಲೇ ವಾಪಸಾಗಿ, ತಾವು ಆ ತಿಂಗಳೇ ಮನೆಗೆ ಹೋಗಬೇಕಾಗುತ್ತಿತ್ತು. ಮೂರು ವರ್ಷ ಅವರು ಉಂಡದ್ದೆಲ್ಲ ಒಂದು ಸುಳ್ಳು ಪಾಸಿನ ಅನ್ನ. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಲು ಇಷ್ಟವೂ ಇರಲಿಲ್ಲ.

ಐದೂವರೆಗೆ ಹಿರಿಯ ಪರೀಕ್ಷಕಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡಕ ಮೇಲೇರಿಸಿಕೊಂಡರು. ಮೇಷ್ಟ್ರು ಸ್ಟೂಲೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂತು, ಯಂತ್ರವನ್ನು ಸರಿಯಾಗಿ ನಕಲಿಗೆ ತಿರುಗಿಸಿ, ಓಡಿಸಿ ತೋರಿಸಿದರು. ಹನ್ನೊಂದು ನಿಮಿಷ. ಮುನ್ನೂರ ನಲವತ್ತು ಹಸಿರು ಗೆರೆಗಳು, ಒಂದೂ ಕೆಂಪಿಲ್ಲ.

"ತುಂಬಾ ಚೆನ್ನಾಗಿದೆ," ಅಂದರು ಆಕೆ, ಮನಸಾರೆ. "ಇದನ್ನ ಬರೆದಿದ್ದು ಯಾರು?"

"ನಾನೇ ಮೇಡಂ," ಅಂದರು ಮೇಷ್ಟ್ರು, ಬೆಳಿಗ್ಗೆಯಿಂದ ಮೊದಲ ಸಲ ಸ್ವಲ್ಪ ಹೆಮ್ಮೆಯಿಂದ.

"ಇನ್ನೂರ ಹದಿನಾಲ್ಕನ್ನ ಮೂವತ್ತೆಂಟು ಸಲ ಪಾಸ್ ಮಾಡಿದ್ದು?"

"ಅದೂ ನಾನೇ."

"ಹಾಗಾದ್ರೆ ಈ ಹಸಿರನ್ನ ನಾನು ಹೇಗ್ರೀ ನಂಬ್ಲಿ? ಯಂತ್ರ ಸರಿಯಾಗಿ ನೋಡ್ತಾ ಇದ್ಯಾ ಅಂತ ಯಾರಾದ್ರೂ ನೋಡ್ಬೇಕಲ್ಲ. ಅದು ಒತ್ತಿದ್ದನ್ನೆಲ್ಲ ನೀವೂ ಒಂದೊಂದಾಗಿ ಕೈಯಲ್ಲಿ ಒತ್ತಿ, ಎರಡೂ ಒಂದೇನಾ ಅಂತ ಬರೀತಾ ಹೋಗಿ. ಪ್ರತಿ ತಿಂಗಳೂ. ಇವತ್ತಿಂದಲೇ ಶುರು ಮಾಡಿ, ನಾನು ಪಕ್ಕದಲ್ಲೇ ಕೂತಿರ್ತೀನಿ."

ಮೇಷ್ಟ್ರು ನೋಯುವ ತೋರುಬೆರಳನ್ನು ಒಮ್ಮೆ ನೀವಿಕೊಂಡು ಮೊದಲನೇ ಬಟನ್ ಒತ್ತಿದರು. ಪುಟ ತೆರೆಯಿತು. ಬರೆಯಲು ಪೆನ್ನೆತ್ತಿದರು.

"ಏನು ಬಂತು ಅಂತ ಮೊದಲು ಪೂರ್ತಿ ಓದಿ," ಅಂದರು ಆಕೆ.

ಓದುತ್ತಿರುವಾಗ ಮನೆಯಿಂದ ಫೋನು ಬಂತು. ಈ ಸಲ ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು.

"ರೀ, ಏನಾಯ್ತು? ಕೆಲಸ ಇದೆ ತಾನೇ?"

"ಇದೆ ಕಣೆ. ಹೆದರ್ಕೋಬೇಡ. ಮಾವನಿಗೂ ಹೇಳ್ಬಿಡು."

"ಸದ್ಯ! ಹಾಗಾದ್ರೆ ಯಾವಾಗ ಬರ್ತೀರಿ ಮನೆಗೆ?"

ಮೇಷ್ಟ್ರು ಪಟ್ಟಿ ನೋಡಿದರು. ಪಕ್ಕದಲ್ಲಿ ಕೂತವರು ಕನ್ನಡಕದ ಮೇಲಿಂದ ಅವರನ್ನೇ ನೋಡುತ್ತಿದ್ದರು.

"ಇನ್ನೂ ಮುನ್ನೂರ ಮೂವತ್ತೊಂಬತ್ತು ಬಾಕಿ ಇದೆ," ಅಂದರು.